ಲಾಗಿನ್ ಪರದೆಯ ಹಿಂದೆ: ದೃಢೀಕರಣವನ್ನೂ ಅನುಮತಿಯನ್ನೂ ತಂತ್ರಾಂಶದಿಂದ ಬೇರ್ಪಡಿಸುವ ಬಗೆ

ಕೆಲವು ವರ್ಷಗಳ ಹಿಂದಿನವರೆಗೂ ಲಾಗಿನ್ ಪರದೆಯೆಂದರೆ ಬಳಕೆದಾರರ ಹೆಸರಿಗೊಂದು, ಪಾಸ್‌ವರ್ಡಿಗೊಂದು ಎಂದು ಎರಡು ಖಾಲಿ ಚೌಕಗಳಷ್ಟೇ ಇರುತ್ತಿದ್ದವು. ಇಂದು ಅದೇ ಪರದೆಯಲ್ಲಿ ಮೊಬೈಲಿಗೆ ಬರುವ ಓಟಿಪಿ, ಬೆರಳಚ್ಚು, ಪಾಸ್‌ವರ್ಡಿನ ಬದಲು ಗುಪ್ತ ಡಿಜಿಟಲ್ ಕೀಲಿಯಿಂದ ಗುರುತು ತೋರಿಸುವ ಪಾಸ್‌ಕೀ, ಗೂಗಲ್ ಅಥವಾ ಆಪಲ್ ಖಾತೆಯ ಮೂಲಕ ಪ್ರವೇಶ, ಕಚೇರಿಯ ಖಾತೆಯ ಮೂಲಕ ಪ್ರವೇಶ ಎಂಬ ಆಯ್ಕೆಗಳು ಒಂದರ ಕೆಳಗೊಂದು ಕಾಣಿಸುತ್ತವೆ. ನಾವು ದಿನವೂ ಬಳಸುವ ತಂತ್ರಾಂಶವೊಂದು ಯಾವುದೋ ಬೆಳಿಗ್ಗೆ ಇದ್ದಕ್ಕಿದ್ದಂತೆ ಪಾಸ್‌ಕೀ ಮಾಡಿಕೊಳ್ಳಿ ಎಂದು ಕೇಳುತ್ತದೆ. ಆದರೆ ಒಳಗಿನ ಕಡತಗಳು, ಸಂದೇಶಗಳು, ಲೆಕ್ಕಪತ್ರಗಳು ಇದ್ದಲ್ಲೇ ಇರುತ್ತವೆ. ಪ್ರವೇಶದ ಕ್ರಮ ಪೂರ್ತಿ ಬದಲಾದರೂ ಉಳಿದ ತಂತ್ರಾಂಶ ಅಲುಗಾಡದಿರಲು ಕಾರಣವಾದ ವಿನ್ಯಾಸವನ್ನು ಈ ಲೇಖನ ಮೊದಲಿನಿಂದ ವಿವರಿಸುತ್ತದೆ. ಈ ವಿನ್ಯಾಸ ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಎಂಬುದು ತಿಳಿದಿದ್ದರೆ ನಮ್ಮ ಖಾತೆಗಳ ಸುರಕ್ಷತೆಯ ಬಗ್ಗೆ ಸರಿಯಾದ ಪ್ರಶ್ನೆಗಳನ್ನು ಕೇಳಲು ಸಾಧ್ಯವಾಗುತ್ತದೆ.

ಎರಡು ಬೇರೆ ಬೇರೆ ಪ್ರಶ್ನೆಗಳು

ಯಾರಾದರೂ ತಂತ್ರಾಂಶವೊಂದನ್ನು ಬಳಸಲು ಬಂದಾಗ ಅದು ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕಾಗುತ್ತದೆ. ಬಂದವರು ಯಾರು ಎಂಬುದು ಮೊದಲನೆಯದು. ಅದಕ್ಕೆ ಆಧಾರಸಹಿತ ಉತ್ತರ ಪಡೆಯುವ ಕೆಲಸವೇ ದೃಢೀಕರಣ. ಬಂದವರು ಇಂಥವರೇ ಎಂದು ಖಚಿತವಾದ ಮೇಲೆ, ಅವರು ಈಗ ಮಾಡಲು ಹೊರಟಿರುವ ಈ ನಿರ್ದಿಷ್ಟ ಕೆಲಸಕ್ಕೆ ಅವರಿಗೆ ಹಕ್ಕಿದೆಯೇ ಎಂಬುದು ಎರಡನೆಯದು. ಅದನ್ನು ತೀರ್ಮಾನಿಸುವುದೇ ಅನುಮತಿ ನಿರ್ಣಯ. ದೃಢೀಕರಣ ಸಾಮಾನ್ಯವಾಗಿ ಒಳಬರುವಾಗ ಒಮ್ಮೆ ನಡೆಯುತ್ತದೆ. ಅನುಮತಿ ನಿರ್ಣಯವಾದರೋ ಪ್ರತಿಯೊಂದು ಕೋರಿಕೆಗೂ ಮತ್ತೆ ಮತ್ತೆ ನಡೆಯಬೇಕು.

ವೆಬ್ ಸರ್ವರುಗಳು ಬ್ರೌಸರಿಗೆ ಕಳುಹಿಸುವ ಸಂಕೇತ ಸಂಖ್ಯೆಗಳಲ್ಲಿಯೇ ಈ ವ್ಯತ್ಯಾಸವಿದೆ. ಬಂದವರ ಗುರುತು ಇನ್ನೂ ದೃಢಪಟ್ಟಿಲ್ಲ ಎಂದಾದರೆ 401, ಗುರುತು ಗೊತ್ತಿದ್ದರೂ ಈ ಕೆಲಸಕ್ಕೆ ಅನುಮತಿಯಿಲ್ಲ ಎಂದಾದರೆ 403. ಮೊದಲನೆಯದಕ್ಕೆ ಲಾಗಿನ್ ಆಗುವುದು ಪರಿಹಾರ. ಎರಡನೆಯದಕ್ಕೆ ಎಷ್ಟು ಸಲ ಲಾಗಿನ್ ಆದರೂ ಪರಿಹಾರವಿಲ್ಲ.

ಎರಡನ್ನೂ ಒಂದೇ ಎಂದು ಭಾವಿಸಿದಾಗ ಆಗುವ ಹಾನಿಯನ್ನು ಒಂದು ಉದಾಹರಣೆಯಲ್ಲಿ ನೋಡಬಹುದು. ಉದ್ಯೋಗಿಯೊಬ್ಬರು ಸಂಸ್ಥೆಯ ತಂತ್ರಾಂಶಕ್ಕೆ ಸರಿಯಾದ ಪಾಸ್‌ವರ್ಡ್ ಕೊಟ್ಟು ಒಳಬಂದು ತಮ್ಮ ಸಂಬಳದ ಚೀಟಿಯನ್ನು ತೆರೆಯುತ್ತಾರೆ ಎಂದುಕೊಳ್ಳೋಣ. ಆ ಪುಟದ ವಿಳಾಸದ ಕೊನೆಯಲ್ಲಿ 1041 ಎಂಬ ಸಂಖ್ಯೆಯಿದೆ. ಅದನ್ನು 1042 ಎಂದು ತಿದ್ದಿದೊಡನೆ ಸಹೋದ್ಯೋಗಿಯ ಚೀಟಿ ತೆರೆದುಕೊಂಡರೆ, ಅಲ್ಲಿ ದೃಢೀಕರಣದಲ್ಲಿ ಯಾವ ದೋಷವೂ ಇಲ್ಲ. ಲಾಗಿನ್ ಆಗಿದ್ದಾರೆ ಎಂಬುದನ್ನಷ್ಟೇ ನೋಡಿ, ಈ ಚೀಟಿ ಇವರದ್ದೇ ಎಂಬುದನ್ನು ತಂತ್ರಾಂಶ ನೋಡಲಿಲ್ಲ. ವೆಬ್ ತಂತ್ರಾಂಶಗಳ ಪ್ರಮುಖ ಅಪಾಯಗಳನ್ನು ಪಟ್ಟಿ ಮಾಡುವ ಓವಾಸ್ಪ್ ಸಂಸ್ಥೆಯು 2021ರ ಪಟ್ಟಿಯಲ್ಲಿ ಇಂಥ ಅನುಮತಿ ದೋಷಗಳಿಗೇ ಮೊದಲ ಸ್ಥಾನ ಕೊಟ್ಟಿತು.

ಒಳಗೇ ಬೆಸೆದಿದ್ದ ಕಾಲ

ಕಂಪ್ಯೂಟರಿನಲ್ಲಿ ಪಾಸ್‌ವರ್ಡಿನ ಬಳಕೆಯನ್ನು 1960ರ ದಶಕದ ಆರಂಭದಲ್ಲಿ ಎಂಐಟಿಯಲ್ಲಿ ರೂಪುಗೊಂಡ ಸಿಟಿಎಸ್‌ಎಸ್ ವ್ಯವಸ್ಥೆಯಿಂದ ಗುರುತಿಸುವುದು ವಾಡಿಕೆ. ಮುಂದೆ ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಬಂದಾಗ, ಪಾಸ್‌ವರ್ಡನ್ನು ಇದ್ದ ಹಾಗೆಯೇ ಬರೆದಿಡದೆ, ಹಿಂದಕ್ಕೆ ತಿರುಗಿಸಲಾಗದ ಗಣಿತ ಪ್ರಕ್ರಿಯೆಗೆ ಒಳಪಡಿಸಿ ಅದರ ಫಲಿತಾಂಶವನ್ನು ಮಾತ್ರ ಕಡತದಲ್ಲಿ ಇಡುವ ಕ್ರಮ ಬೆಳೆಯಿತು. ಈ ಫಲಿತಾಂಶಕ್ಕೆ ಹ್ಯಾಶ್ ಎನ್ನುತ್ತಾರೆ. ಒಂದೇ ಪಾಸ್‌ವರ್ಡಿಗೆ ಬೇರೆ ಬೇರೆ ಹ್ಯಾಶ್ ಬರುವಂತೆ ಪ್ರತಿಯೊಂದಕ್ಕೂ ಯಾದೃಚ್ಛಿಕ ಅಂಶವೊಂದನ್ನು ಬೆರೆಸುವ ಉಪಾಯವನ್ನು ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರ ತಮ್ಮ ಪ್ರಬಂಧದಲ್ಲಿ ವಿವರಿಸಿದ್ದರು.

ಹ್ಯಾಶ್ ಮಾಡುವ ಕ್ರಮ ಒಳ್ಳೆಯದೇ ಆಗಿತ್ತು. ತೊಂದರೆ ಇದ್ದದ್ದು ಅದನ್ನು ಪರಿಶೀಲಿಸುವ ಜಾಗದಲ್ಲಿ. ಲಾಗಿನ್ ಮಾಡಿಸುವ ಪ್ರೋಗ್ರಾಂ, ಕಡತ ರವಾನಿಸುವ ಪ್ರೋಗ್ರಾಂ, ಬೇರೊಬ್ಬ ಬಳಕೆದಾರರಾಗಿ ಬದಲಾಗುವ ಪ್ರೋಗ್ರಾಂ ಹೀಗೆ ಪ್ರತಿಯೊಂದೂ ತಾನೇ ಪಾಸ್‌ವರ್ಡ್ ಕಡತವನ್ನು ತೆರೆದು, ತಾನೇ ಹ್ಯಾಶ್ ಲೆಕ್ಕ ಹಾಕಿ, ತಾನೇ ತಾಳೆ ನೋಡುತ್ತಿತ್ತು. ಎಲ್ಲರೂ ಓದಬಹುದಾಗಿದ್ದ ಕಡತದಿಂದ ಹ್ಯಾಶ್‌ಗಳನ್ನು ಬೇರೊಂದು ರಹಸ್ಯ ಕಡತಕ್ಕೆ ಸಾಗಿಸಬೇಕಾಗಿ ಬಂದಾಗ ಈ ಪ್ರೋಗ್ರಾಂಗಳನ್ನೆಲ್ಲ ತಿದ್ದಬೇಕಾಯಿತು. 1980ರ ದಶಕದಲ್ಲಿ ಎಂಐಟಿಯ ಅಥೀನಾ ಯೋಜನೆಯಿಂದ ಕರ್ಬರೋಸ್ ಎಂಬ ಜಾಲ ದೃಢೀಕರಣ ಪದ್ಧತಿ ಬಂದಾಗ, ಅದನ್ನು ಬಳಸಲು ಮತ್ತೊಮ್ಮೆ ಅದೇ ಕೆಲಸ. ಹೊಸ ಪದ್ಧತಿ ಬಂದಾಗಲೆಲ್ಲ ಇರುವ ಎಲ್ಲ ತಂತ್ರಾಂಶವನ್ನೂ ಬಿಚ್ಚಿ ಹೊಲಿಯುವುದಾದರೆ, ಎಲ್ಲೋ ಒಂದು ಪ್ರೋಗ್ರಾಂ ತಪ್ಪಿಹೋಗುವುದು ಖಂಡಿತ. ದಾಳಿಕೋರರಿಗೆ ಆ ಒಂದೇ ಸಾಕು.

1995: ಪ್ಯಾಮ್ ತಂದ ಪರಿಹಾರ

ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯ ಎಂಜಿನಿಯರುಗಳು 1995ರಲ್ಲಿ ಇದಕ್ಕೊಂದು ಪರಿಹಾರ ಮುಂದಿಟ್ಟರು. ಪ್ಲಗಬಲ್ ಅಥೆಂಟಿಕೇಶನ್ ಮಾಡ್ಯೂಲ್ಸ್ ಎಂಬುದು ಅದರ ಪೂರ್ಣ ಹೆಸರು. ಬಳಕೆಯಲ್ಲಿ ಅದು ಪ್ಯಾಮ್. ಮರುವರ್ಷವೇ ಅದು ಯುನಿಕ್ಸ್ ಮಾದರಿಯ ಲಿನಕ್ಸಿಗೂ ಬಂದು, ಇಂದಿಗೂ ಅಲ್ಲಿ ನೆಲೆನಿಂತಿದೆ.

ಗೋಡೆಯ ಮೇಲಿನ ವಿದ್ಯುತ್ ಸಾಕೆಟ್ಟನ್ನು ನೆನೆಸಿಕೊಂಡರೆ ಈ ವಿನ್ಯಾಸ ಅರ್ಥವಾಗುತ್ತದೆ. ಸಾಕೆಟ್ಟಿಗೆ ಬಂದ ವಿದ್ಯುತ್ತು ಜಲಾಶಯದ್ದೋ ಸೂರ್ಯನದ್ದೋ ಎಂಬುದು ದೀಪಕ್ಕೆ ತಿಳಿಯಬೇಕಾಗಿಲ್ಲ. ಪಿನ್ನುಗಳ ಆಕಾರ ಮತ್ತು ವೋಲ್ಟೇಜ್ ಹೊಂದಿದರೆ ಸಾಕು. ಹಾಗೆಯೇ ತಂತ್ರಾಂಶಕ್ಕೂ ದೃಢೀಕರಣ ಪದ್ಧತಿಗೂ ನಡುವೆ ಬದಲಾಗದ ಒಡಂಬಡಿಕೆಯೊಂದನ್ನು ಪ್ಯಾಮ್ ಇರಿಸಿತು. ತಂತ್ರಾಂಶವು ‘ಇವರನ್ನು ಪರಿಶೀಲಿಸಿ ಹೇಳು’ ಎಂದು ಕೇಳುತ್ತದೆ. ಪರಿಶೀಲನೆ ಹೇಗೆ ಎಂಬುದನ್ನು ಮಾಡ್ಯೂಲ್ ಎಂಬ ಪ್ರತ್ಯೇಕ ತುಣುಕು ನೋಡಿಕೊಳ್ಳುತ್ತದೆ. ಯಾವ ಮಾಡ್ಯೂಲನ್ನು ಕರೆಯಬೇಕು ಎಂಬುದನ್ನು ವ್ಯವಸ್ಥೆಯ ನಿರ್ವಾಹಕರು ಒಂದು ಪಠ್ಯ ಕಡತದಲ್ಲಿ ಬರೆದಿಡುತ್ತಾರೆ. ಪದ್ಧತಿ ಬದಲಾದಾಗ ಆ ಕಡತದ ಸಾಲು ಬದಲಾಗುತ್ತದೆಯೇ ಹೊರತು ತಂತ್ರಾಂಶವಲ್ಲ.

ಒಡಂಬಡಿಕೆಯ ಆಕಾರವನ್ನು ಆಗಿನ ವಿನ್ಯಾಸಕರು ಬಹಳ ಯೋಚಿಸಿ ಆರಿಸಿದ್ದರು. ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟರೆ ಹೌದು ಅಥವಾ ಇಲ್ಲ ಎಂದು ಹೇಳುವ ಸರಳ ಒಡಂಬಡಿಕೆಯನ್ನೇ ಅವರು ಮಾಡಿಕೊಂಡಿದ್ದರೆ ಓಟಿಪಿ ಬಂದ ದಿನವೇ ಅದು ಮುರಿದುಬೀಳುತ್ತಿತ್ತು. ಅದರ ಬದಲು ಮಾಡ್ಯೂಲೇ ತಂತ್ರಾಂಶದೊಂದಿಗೆ ಸಂವಾದ ನಡೆಸಲು ಅವಕಾಶ ಕಲ್ಪಿಸಿದರು. ‘ಬಳಕೆದಾರರಿಗೆ ಈ ಪ್ರಶ್ನೆ ತೋರಿಸು, ಅವರು ಟೈಪ್ ಮಾಡುವ ಅಕ್ಷರಗಳು ಪರದೆಯಲ್ಲಿ ಕಾಣದಿರಲಿ, ಉತ್ತರವನ್ನು ನನಗೆ ಕೊಡು’ ಎಂದು ಮಾಡ್ಯೂಲ್ ಹೇಳಬಹುದು. ಪ್ರಶ್ನೆ ಪಾಸ್‌ವರ್ಡಿನದ್ದೋ, 30 ಸೆಕೆಂಡಿಗೊಮ್ಮೆ ಬದಲಾಗುವ ಸಂಖ್ಯೆಯದ್ದೋ ಎಂಬುದು ತಂತ್ರಾಂಶಕ್ಕೆ ತಿಳಿಯುವುದೇ ಇಲ್ಲ. ಈ ದೂರದೃಷ್ಟಿ ಮೆಚ್ಚಬೇಕಾದದ್ದು.

ಪ್ಯಾಮ್ ಕೆಲಸವನ್ನು ನಾಲ್ಕು ಭಾಗ ಮಾಡುತ್ತದೆ. ಗುರುತನ್ನು ಪರಿಶೀಲಿಸುವುದು ಒಂದು. ಖಾತೆಯ ಅವಧಿ ಮುಗಿದಿಲ್ಲವೇ, ಈ ಹೊತ್ತಿನಲ್ಲಿ ಇವರಿಗೆ ಪ್ರವೇಶವಿದೆಯೇ ಎಂದು ನೋಡುವುದು ಇನ್ನೊಂದು. ಪಾಸ್‌ವರ್ಡ್ ಬದಲಾಯಿಸುವುದು, ಬಳಕೆಯ ಅವಧಿಯನ್ನು ತೆರೆದು ಮುಚ್ಚುವುದು ಉಳಿದೆರಡು. ಮೊದಲ ಭಾಗವನ್ನು ಕರೆದು ಎರಡನೆಯದನ್ನು ಕರೆಯಲು ಮರೆಯುವ ತಂತ್ರಾಂಶವು, ಅವಧಿ ಮುಗಿದ ಖಾತೆಯವರು ಸರಿಯಾದ ಪಾಸ್‌ವರ್ಡ್ ಕೊಟ್ಟರೆ ಅವರನ್ನು ಒಳಬಿಟ್ಟುಬಿಡುತ್ತದೆ. ಮಾಡ್ಯೂಲುಗಳೆಲ್ಲ ಸರಿಯಿದ್ದರೂ, ಕರೆಯಬೇಕಾದವರು ಪೂರ್ತಿ ಕರೆಯದಿದ್ದರೆ ಪ್ರಯೋಜನವಿಲ್ಲ.

ಸಾಲುಗಳ ಕ್ರಮದಲ್ಲಿ ಅಡಗಿರುವ ಅಪಾಯ

ಪ್ಯಾಮ್ ಕಡತದಲ್ಲಿ ಹಲವು ಮಾಡ್ಯೂಲುಗಳನ್ನು ಒಂದರ ಕೆಳಗೊಂದು ಬರೆದು, ಪ್ರತಿಯೊಂದರ ಫಲಿತಾಂಶಕ್ಕೆ ಎಷ್ಟು ತೂಕ ಎಂಬುದನ್ನು ಒಂದೊಂದು ಪದದಿಂದ ಸೂಚಿಸುತ್ತಾರೆ. ‘ರಿಕ್ವೈರ್ಡ್’ ಎಂದರೆ ಇದು ಗೆಲ್ಲಲೇಬೇಕು, ಆದರೆ ಸೋತರೂ ಕೆಳಗಿನ ಸಾಲುಗಳನ್ನು ನಡೆಸಿದ ಮೇಲೆಯೇ ನಿರಾಕರಣೆ ಹೊರಬೀಳುತ್ತದೆ. ಯಾವ ಹಂತದಲ್ಲಿ ತಪ್ಪಿತು ಎಂಬ ಸುಳಿವು ಹೊರಗಿನವರಿಗೆ ಸುಲಭವಾಗಿ ಸಿಗದಿರಲಿ ಎಂಬುದು ಇದರ ಉದ್ದೇಶ. ‘ರಿಕ್ವಿಸಿಟ್’ ಎಂದರೆ ಸೋತ ಕ್ಷಣವೇ ನಿರಾಕರಣೆ. ‘ಸಫಿಷಿಯಂಟ್’ ಎಂದರೆ, ಮೇಲಿನ ಕಡ್ಡಾಯ ಸಾಲುಗಳು ಸೋತಿಲ್ಲದಿದ್ದರೆ, ಇದೊಂದು ಗೆದ್ದರೆ ಸಾಕು. ಕೆಳಗಿನ ಸಾಲುಗಳತ್ತ ಹೋಗುವುದೇ ಇಲ್ಲ. ‘ಆಪ್ಷನಲ್’ ಸಾಲಿನ ಫಲಿತಾಂಶಕ್ಕೆ ಸಾಮಾನ್ಯವಾಗಿ ಬೆಲೆಯಿಲ್ಲ.

ಈಗ ಒಂದು ಕಡತವನ್ನು ಹತ್ತಿರದಿಂದ ನೋಡೋಣ. ಮೊದಲ ಸಾಲು ಬೆರಳಚ್ಚಿನದು, ಸಫಿಷಿಯಂಟ್. ಎರಡನೆಯದು ಪಾಸ್‌ವರ್ಡಿನದು, ರಿಕ್ವೈರ್ಡ್. ಬೆರಳಚ್ಚು ಹೊಂದಿದರೆ ನೇರ ಪ್ರವೇಶ, ಹೊಂದದಿದ್ದರೆ ಪಾಸ್‌ವರ್ಡ್; ಇಷ್ಟರವರೆಗೆ ಎಲ್ಲವೂ ಸರಿ. ಕೆಲವು ತಿಂಗಳ ನಂತರ, ಇನ್ನು ಮುಂದೆ ಎಲ್ಲರಿಗೂ ಓಟಿಪಿ ಕಡ್ಡಾಯ ಎಂಬ ನಿರ್ಧಾರವಾಗುತ್ತದೆ, ನಿರ್ವಾಹಕರು ಕಡತದ ಕೊನೆಗೆ ಓಟಿಪಿ ಸಾಲನ್ನು ಸೇರಿಸಿ ಅದಕ್ಕೆ ರಿಕ್ವೈರ್ಡ್ ಎಂದು ಬರೆಯುತ್ತಾರೆ. ಪಾಸ್‌ವರ್ಡ್ ಕೊಟ್ಟು ಪರೀಕ್ಷಿಸಿದಾಗ ಓಟಿಪಿ ಕೇಳುತ್ತದೆ, ಕೆಲಸ ಮುಗಿಯಿತೆಂದು ಎಲ್ಲರೂ ಭಾವಿಸುತ್ತಾರೆ. ಆದರೆ ಬೆರಳಚ್ಚು ಕೊಟ್ಟವರು ಮೊದಲ ಸಾಲಿನಲ್ಲೇ ಗೆದ್ದು ಒಳಗೆ ಹೋಗುವುದರಿಂದ ಅವರಿಗೆ ಓಟಿಪಿ ಸಾಲು ತಲುಪುವುದೇ ಇಲ್ಲ. ಕಡ್ಡಾಯ ಎಂದು ಬರೆದದ್ದು ಕಡ್ಡಾಯವಾಗಲಿಲ್ಲ, ಯಾವ ದೋಷ ಸಂದೇಶವೂ ಬರಲಿಲ್ಲ. ಆದ್ದರಿಂದಲೇ ಇಂಥ ಕಡತವನ್ನು ತಿದ್ದಿದವರು, ಒಳಬರಬೇಕಾದವರು ಬರುತ್ತಾರೆಯೇ ಎಂಬುದರ ಜೊತೆಗೆ, ಬರಬಾರದ ಪ್ರತಿಯೊಂದು ದಾರಿಯೂ ಮುಚ್ಚಿದೆಯೇ ಎಂಬುದನ್ನೂ ಪರೀಕ್ಷಿಸಲೇಬೇಕು.

ಇದೇ ವಿಚಾರದ ಬೇರೆ ರೂಪಗಳು

ಜಾವಾ ಭಾಷೆಯ ಜಾಸ್ ಎಂಬ ಸೌಲಭ್ಯ ಪ್ಯಾಮ್ ವಿನ್ಯಾಸವನ್ನೇ ಅನುಸರಿಸಿ ರೂಪುಗೊಂಡಿತು. ಅದರಲ್ಲಿ ಎರಡು ಹಂತಗಳಿವೆ: ಮೊದಲು ಎಲ್ಲ ಮಾಡ್ಯೂಲುಗಳೂ ಪರಿಶೀಲನೆ ನಡೆಸುತ್ತವೆ, ಒಟ್ಟು ಫಲಿತಾಂಶ ಅನುಕೂಲವಾಗಿದ್ದರೆ ಮಾತ್ರ ಎರಡನೆಯ ಹಂತದಲ್ಲಿ ಬಳಕೆದಾರರ ಗುರುತನ್ನು ನೋಂದಾಯಿಸುತ್ತವೆ, ಇಲ್ಲವಾದರೆ ಅಲ್ಲಿಯವರೆಗೆ ಮಾಡಿದ್ದನ್ನೆಲ್ಲ ಅಳಿಸುತ್ತವೆ. ಅರ್ಧ ಗೆದ್ದು ಅರ್ಧ ಸೋತ ಸ್ಥಿತಿಯಲ್ಲಿ ಯಾರೂ ಒಳಗೆ ಉಳಿಯದಿರಲು ಈ ಏರ್ಪಾಡು. ವೆಬ್ ತಾಣ ಕಟ್ಟಲು ಬಳಸುವ, ಪೈಥಾನ್ ಭಾಷೆಯ ಜ್ಯಾಂಗೋದಲ್ಲಿ ಬ್ಯಾಕೆಂಡ್ ಎಂಬ ದೃಢೀಕರಣ ತುಣುಕುಗಳ ಪಟ್ಟಿಯೊಂದಿದ್ದು, ಒಂದಕ್ಕೆ ಬಳಕೆದಾರರ ಪರಿಚಯ ಸಿಗದಿದ್ದರೆ ಮುಂದಿನದನ್ನು ಕೇಳುತ್ತದೆ. ತಂತ್ರಾಂಶ ತಯಾರಿಯಲ್ಲಿ ಬಳಕೆಯಾಗುವ ಜೆಂಕಿನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಳಕೆದಾರರ ಗುರುತು ಎಲ್ಲಿಂದ ಬರಬೇಕು ಎಂಬುದಕ್ಕೆ ಒಂದು, ಅವರಿಗೆ ಯಾವ ಹಕ್ಕು ಎಂಬುದಕ್ಕೆ ಇನ್ನೊಂದು ಎಂದು ಎರಡು ಪ್ರತ್ಯೇಕ ಜಾಗಗಳನ್ನು ಇಟ್ಟಿದೆ. ಒಂದನ್ನು ಬದಲಾಯಿಸಿದರೆ ಇನ್ನೊಂದನ್ನು ಮುಟ್ಟಬೇಕಾಗಿಲ್ಲ.

ಮೈಎಸ್‌ಕ್ಯುಎಲ್ ಡೇಟಾಬೇಸಿನ ಕಥೆಯಿಂದ ಕಲಿಯಬೇಕಾದದ್ದು ಹೆಚ್ಚು. ಅಲ್ಲಿಯೂ ದೃಢೀಕರಣವು ಪ್ಲಗಿನ್, ಅಂದರೆ ಬೇಕಾದಾಗ ಬದಲಾಯಿಸಬಹುದಾದ ಪ್ರತ್ಯೇಕ ತುಣುಕು, ಆಗಿದೆ. 2018ರಲ್ಲಿ ಬಂದ 8.0 ಆವೃತ್ತಿಯು ಹಳೆಯ ಪ್ಲಗಿನ್ನನ್ನು ಬಿಟ್ಟು ಹೆಚ್ಚು ಸುರಕ್ಷಿತವಾದ ಹೊಸದೊಂದನ್ನು ಸಹಜ ಆಯ್ಕೆಯಾಗಿ ಮಾಡಿಕೊಂಡಿತು. ಸರ್ವರನ್ನು ಹೊಸದಾಗಿಸಿದವರು ಹಳೆಯ ತಂತ್ರಾಂಶದಿಂದ ಅದನ್ನು ಸಂಪರ್ಕಿಸಲು ಹೋದಾಗ, ದೃಢೀಕರಣದ ಪ್ಲಗಿನ್ನನ್ನು ತೆರೆಯಲಾಗಲಿಲ್ಲ ಎಂಬ ಸಂದೇಶ ಎದುರಾಯಿತು. ಸರ್ವರ್ ಮತ್ತು ಅದನ್ನು ಸಂಪರ್ಕಿಸುವ ತಂತ್ರಾಂಶ ಎರಡೂ ಸೇರಿ ನಡೆಸುವ ಸಂಭಾಷಣೆಯೇ ಇಲ್ಲಿ ದೃಢೀಕರಣವಾದ್ದರಿಂದ, ಒಂದು ಬದಿಯಲ್ಲಿ ಮಾತ್ರ ಪ್ಲಗಿನ್ ಬದಲಾಯಿಸಿದರೆ ಮಾತು ನಿಂತುಹೋಗುತ್ತದೆ. ಬದಲಾಯಿಸಬಹುದಾದದ್ದು ಎಂದರೆ ಯಾರಿಗೂ ಹೇಳದೆ ಬದಲಾಯಿಸಬಹುದಾದದ್ದು ಎಂದಲ್ಲ.

ಹಳೆಯದರಿಂದ ಹೊಸದಕ್ಕೆ ಹೋಗುವ ಮೃದುವಾದ ದಾರಿಯೊಂದೂ ಉಂಟು. ಸಂಗ್ರಹಿಸಿದ ಪ್ರತಿಯೊಂದು ಹ್ಯಾಶ್‌ನ ಮುಂದೆ ಅದು ಯಾವ ಕ್ರಮದಿಂದ ಆದದ್ದು ಎಂಬ ಚಿಕ್ಕ ಗುರುತನ್ನು ಇಟ್ಟಿದ್ದರೆ, ಬಳಕೆದಾರರು ಮುಂದಿನ ಸಲ ಲಾಗಿನ್ ಆದಾಗ ಹಳೆಯ ಕ್ರಮದಿಂದಲೇ ಪರಿಶೀಲಿಸಿ, ಆ ಕ್ಷಣದಲ್ಲಿ ಕೈಯಲ್ಲಿರುವ ಪಾಸ್‌ವರ್ಡಿನಿಂದ ಹೊಸ ಕ್ರಮದ ಹ್ಯಾಶ್ ಮಾಡಿ ಬರೆದಿಡಬಹುದು. ಯಾರಿಗೂ ಪಾಸ್‌ವರ್ಡ್ ಬದಲಾಯಿಸಿ ಎಂದು ಹೇಳದೆ ಇಡೀ ಸಂಗ್ರಹ ನಿಧಾನವಾಗಿ ಹೊಸದಾಗುತ್ತದೆ.

ಪರಿಶೀಲಿಸುವವರು ಬೇರೆಲ್ಲೋ ಇದ್ದಾಗ

ಗೂಗಲ್ ಅಥವಾ ಕಚೇರಿಯ ಖಾತೆಯ ಮೂಲಕ ಒಳಬರುವಾಗ ಪಾಸ್‌ವರ್ಡ್ ಆ ತಂತ್ರಾಂಶಕ್ಕೆ ತಲುಪುವುದೇ ಇಲ್ಲ. ಬ್ರೌಸರ್ ನಮ್ಮನ್ನು ಗುರುತು ನೀಡುವ ಸಂಸ್ಥೆಯ ಪುಟಕ್ಕೆ ಕರೆದೊಯ್ಯುತ್ತದೆ. ಅಲ್ಲಿ ಪರಿಶೀಲನೆ ಮುಗಿದ ಮೇಲೆ, ಡಿಜಿಟಲ್ ಸಹಿ ಇರುವ ಟೋಕನ್ ಎಂಬ ಪತ್ರವೊಂದು ತಂತ್ರಾಂಶಕ್ಕೆ ಸಿಗುತ್ತದೆ. ದೊಡ್ಡ ಸಂಸ್ಥೆಗಳಲ್ಲಿ ಇದಕ್ಕೆ 2005ರ ಎಸ್‌ಎಎಂಎಲ್ 2.0 ಮಾನಕ ಇಂದಿಗೂ ಬಳಕೆಯಲ್ಲಿದೆ. 2012ರ ಓಆತ್ 2.0 ಮಾನಕವು ನಮ್ಮ ಪರವಾಗಿ ಒಂದು ತಂತ್ರಾಂಶ ಇನ್ನೊಂದರಲ್ಲಿರುವ ಮಾಹಿತಿಯನ್ನು ಪಡೆಯಲು ಅನುಮತಿ ಕೊಡುವುದಕ್ಕಾಗಿ ಹುಟ್ಟಿದ್ದು. ಅದರ ಮೇಲೆ ಗುರುತಿನ ಪದರವನ್ನು ಸೇರಿಸಿದ್ದು 2014ರ ಓಪನ್‌ಐಡಿ ಕನೆಕ್ಟ್.

ಇಲ್ಲಿ ತಂತ್ರಾಂಶದ ಹೊಣೆ ಕಡಿಮೆಯಾಗುವುದಿಲ್ಲ, ಬೇರೆ ರೂಪ ತಾಳುತ್ತದೆ. ಬಂದ ಟೋಕನ್ನಿನ ಸಹಿ ನಿಜವೇ, ಕೊಟ್ಟವರು ನಾವು ನಂಬಿದವರೇ, ಅವಧಿ ಮುಗಿದಿಲ್ಲವೇ, ಇದನ್ನು ನಮಗಾಗಿಯೇ ಕೊಡಲಾಗಿದೆಯೇ ಎಂಬ ನಾಲ್ಕನ್ನೂ ನೋಡಬೇಕು. ಕೊನೆಯದನ್ನು ಬಿಟ್ಟರೆ, ಯಾವುದೋ ಆಟದ ಆ್ಯಪ್‌ಗೆಂದು ಕೊಟ್ಟ ಟೋಕನ್ನನ್ನು ಆ ಆ್ಯಪ್ ಮಾಡಿದವರೇ ನಮ್ಮ ತಂತ್ರಾಂಶಕ್ಕೆ ತೋರಿಸಿ ನಮ್ಮ ಬಳಕೆದಾರರಂತೆ ಒಳಬರಬಹುದು. 2015ರಲ್ಲಿ ಬೆಳಕಿಗೆ ಬಂದ ದೋಷವೊಂದು ಇನ್ನೂ ವಿಚಿತ್ರವಾದದ್ದು. ಜೆಡಬ್ಲ್ಯುಟಿ ಎಂಬ ಬಗೆಯ ಟೋಕನ್ನಿನಲ್ಲಿ, ಸಹಿಯನ್ನು ಯಾವ ಕ್ರಮದಿಂದ ಪರಿಶೀಲಿಸಬೇಕು ಎಂಬುದನ್ನು ಟೋಕನ್ನಿನಲ್ಲಿಯೇ ಬರೆದಿರುತ್ತದೆ. ಅಲ್ಲಿ ಯಾವ ಕ್ರಮವೂ ಇಲ್ಲ ಎಂದು ಬರೆದು ಸಹಿಯನ್ನೇ ಕಿತ್ತುಹಾಕಿದರೂ ತಂತ್ರಾಂಶಗಳು ಬಳಸುವ ಕೆಲವು ಲೈಬ್ರರಿಗಳು, ಅಂದರೆ ಸಿದ್ಧ ಕೋಡ್ ಸಂಗ್ರಹಗಳು, ಅದನ್ನು ಒಪ್ಪಿಕೊಳ್ಳುತ್ತಿದ್ದವು. ಪರೀಕ್ಷೆಗೆ ಒಳಪಡುವವರೇ ಪರೀಕ್ಷಕರನ್ನು ಆರಿಸುವಂತಾಗಿತ್ತು. ಪರಿಶೀಲನೆಯ ಕ್ರಮವನ್ನು ತಂತ್ರಾಂಶದ ಸೆಟ್ಟಿಂಗ್ ನಿರ್ಧರಿಸಬೇಕು, ಹೊರಗಿನಿಂದ ಬಂದ ಪತ್ರವಲ್ಲ.

ಪಾಸ್‌ಕೀ ಕೂಡ ಇಂಥ ಇನ್ನೊಂದು ಪ್ಲಗ್. ಅದರ ತಳಹದಿಯಾದ ವೆಬ್‌ಆಥನ್ 2019ರ ಮಾರ್ಚಿನಲ್ಲಿ ವೆಬ್ ಮಾನಕವಾಯಿತು. ಗುಪ್ತ ಕೀಲಿ ನಮ್ಮ ಬಳಿಯೇ ಉಳಿಯುತ್ತದೆ, ಸರ್ವರ್ ಕೇಳಿದ ಹೊಸ ಸವಾಲಿಗೆ ಅದರಿಂದ ಸಹಿ ಹಾಕಿ ಕಳುಹಿಸಲಾಗುತ್ತದೆ. ಸರ್ವರಿನಲ್ಲಿ ಇರುವುದು ಆ ಸಹಿಯನ್ನು ಪರಿಶೀಲಿಸಲಷ್ಟೇ ಬರುವ ಜೋಡಿ ಕೀಲಿ, ಅಂದರೆ ಸಾರ್ವಜನಿಕ ಕೀಲಿ, ಮಾತ್ರವಾದ್ದರಿಂದ, ಅಲ್ಲಿಂದ ಮಾಹಿತಿ ಕದ್ದರೂ ಲಾಗಿನ್ ಆಗಲು ಬರುವುದಿಲ್ಲ.

ಅನುಮತಿಯನ್ನು ಬೇರ್ಪಡಿಸುವುದು ಏಕೆ ಹೆಚ್ಚು ಕಷ್ಟ

ದೃಢೀಕರಣದ ಪ್ರಶ್ನೆ ಎಲ್ಲ ತಂತ್ರಾಂಶಗಳಲ್ಲೂ ಒಂದೇ ಆಗಿರುತ್ತದೆ. ಅನುಮತಿಯ ಪ್ರಶ್ನೆ ಹಾಗಲ್ಲ. ಆಸ್ಪತ್ರೆಯ ತಂತ್ರಾಂಶದಲ್ಲಿ ರೋಗಿಯ ದಾಖಲೆ, ಪತ್ರಿಕೆಯ ತಂತ್ರಾಂಶದಲ್ಲಿ ಪ್ರಕಟವಾಗದ ಲೇಖನ, ಹೀಗೆ ಅದು ಆಯಾ ಕ್ಷೇತ್ರದ ವಿಷಯದೊಳಗೇ ಹೆಣೆದುಕೊಂಡಿರುತ್ತದೆ. ಆದರೂ ನಿರ್ಧರಿಸುವ ಕೆಲಸವನ್ನು ಜಾರಿಗೊಳಿಸುವ ಕೆಲಸದಿಂದ ಬೇರೆ ಮಾಡಬಹುದು. ಯಾರು, ಯಾವುದರ ಮೇಲೆ, ಏನು ಮಾಡಲು ಬಯಸಿದ್ದಾರೆ ಎಂದು ತಂತ್ರಾಂಶ ಕೇಳುತ್ತದೆ. ನಿರ್ಣಯ ಮಾಡುವ ಭಾಗ ಹೌದು ಅಥವಾ ಇಲ್ಲ ಎನ್ನುತ್ತದೆ. ಆ ಉತ್ತರದಂತೆ ಬಾಗಿಲು ತೆರೆಯುವುದು ಅಥವಾ ಮುಚ್ಚುವುದು ತಂತ್ರಾಂಶದ ಪಾಲು.

ನಿರ್ಣಯಕ್ಕೆ ಹಲವು ಮಾದರಿಗಳಿವೆ. ವ್ಯಕ್ತಿಗಳಿಗೆ ಪಾತ್ರಗಳನ್ನು, ಪಾತ್ರಗಳಿಗೆ ಹಕ್ಕುಗಳನ್ನು ಕೊಡುವ ಪಾತ್ರಾಧಾರಿತ ಮಾದರಿಯನ್ನು ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುನ್ 1992ರಲ್ಲಿ ಕ್ರಮಬದ್ಧವಾಗಿ ಮಂಡಿಸಿದರು. ಪಾತ್ರ ಮಾತ್ರ ಸಾಲದು, ಸಮಯ, ಸ್ಥಳ, ಕಡತದ ಗೋಪ್ಯತೆಯ ಮಟ್ಟವೂ ಸೇರಬೇಕು ಎನ್ನುವುದು ಗುಣಾಧಾರಿತ ಮಾದರಿ. ಓಪನ್ ಪಾಲಿಸಿ ಏಜೆಂಟ್‌ನಂಥ ಸಾಧನಗಳು ನಿಯಮಗಳನ್ನು ತಂತ್ರಾಂಶದ ಹೊರಗೆ, ಪ್ರತ್ಯೇಕ ಭಾಷೆಯಲ್ಲಿ ಬರೆದು ಪರೀಕ್ಷಿಸಲು ಅವಕಾಶ ಕೊಡುತ್ತವೆ.

ಗೂಗಲ್ 2019ರಲ್ಲಿ ಪ್ರಕಟಿಸಿದ, ಜಾಂಜಿಬಾರ್ ಎಂಬ ತನ್ನ ಅನುಮತಿ ನಿರ್ಣಯ ವ್ಯವಸ್ಥೆಯ ವಿವರಣೆ ಈ ಕೆಲಸದ ಸೂಕ್ಷ್ಮವನ್ನು ಚೆನ್ನಾಗಿ ತೋರಿಸುತ್ತದೆ. ಫೋಲ್ಡರೊಂದರಿಂದ ಒಬ್ಬರ ಹೆಸರನ್ನು ತೆಗೆದುಹಾಕಿ, ನಂತರ ಅದರಲ್ಲಿ ಅವರು ನೋಡಬಾರದ ಹೊಸ ಕಡತವನ್ನು ಇಡುತ್ತೇವೆ. ಅನುಮತಿಯ ಪ್ರತಿಗಳು ಜಗತ್ತಿನ ಹಲವೆಡೆ ಇರುವಾಗ, ಎಲ್ಲೋ ಒಂದು ಕಡೆ ಹಳೆಯ ಪ್ರತಿ ಉಳಿದಿದ್ದರೆ, ತೆಗೆದುಹಾಕಿದವರಿಗೆ ಹೊಸ ಕಡತ ಕಾಣಿಸಿಬಿಡುತ್ತದೆ. ಇದನ್ನು ತಡೆಯಲು, ಕಡತ ಬದಲಾದ ಹೊತ್ತಿನ ಗುರುತನ್ನು ಅದರೊಂದಿಗೇ ಇಟ್ಟು, ಆ ಹೊತ್ತಿಗಿಂತ ಹಳೆಯದಾದ ಅನುಮತಿ ಮಾಹಿತಿಯಿಂದ ನಿರ್ಣಯ ಮಾಡದಂತೆ ಅದು ನೋಡಿಕೊಳ್ಳುತ್ತದೆ.

ಜೋಡಣೆಯ ಜಾಗದಲ್ಲಿ ಗಮನಿಸಬೇಕಾದವು

ಒಂದೇ ವ್ಯಕ್ತಿ ಇಂದು ಗೂಗಲ್ ಮೂಲಕ, ನಾಳೆ ಕಚೇರಿಯ ಖಾತೆಯ ಮೂಲಕ ಬಂದರೆ ಇಬ್ಬರೂ ಒಬ್ಬರೇ ಎಂದು ತಿಳಿಯುವುದು ಹೇಗೆ? ಇಮೇಲ್ ವಿಳಾಸ ಹೊಂದಿದರೆ ಸಾಕು ಎಂದು ಅನ್ನಿಸುವುದು ಸಹಜ. ಆದರೆ ಇಮೇಲ್ ವಿಳಾಸ ಒಬ್ಬರಿಂದ ಇನ್ನೊಬ್ಬರಿಗೆ ಹೋಗಬಹುದು, ಕೆಲವು ಸಂಸ್ಥೆಗಳು ಅದನ್ನು ಪರಿಶೀಲಿಸದೆಯೇ ಟೋಕನ್ನಿನಲ್ಲಿ ಬರೆಯಬಹುದು. ಆದ್ದರಿಂದ ಗುರುತು ಕೊಟ್ಟ ಸಂಸ್ಥೆ ಮತ್ತು ಅದು ಆ ವ್ಯಕ್ತಿಗೆ ಕೊಟ್ಟ ಬದಲಾಗದ ಸಂಖ್ಯೆ, ಇವೆರಡರ ಜೋಡಿಯನ್ನು ಮಾತ್ರ ನಂಬಬೇಕೆಂದು ಓಪನ್‌ಐಡಿ ಕನೆಕ್ಟ್ ಹೇಳುತ್ತದೆ. ಎರಡು ಖಾತೆಗಳನ್ನು ಬೆಸೆಯಬೇಕಾದರೆ ಬಳಕೆದಾರರು ಎರಡರಲ್ಲೂ ಲಾಗಿನ್ ಆಗಿ ತೋರಿಸಲಿ.

ಇನ್ನು, ಪ್ಲಗಿನ್ ಉತ್ತರವನ್ನೇ ಕೊಡದಿದ್ದರೆ? ದೂರದ ಸರ್ವರ್ ಸಿಗಲಿಲ್ಲ, ಅವಧಿ ಮೀರಿತು, ನಿಯಮದ ಕಡತ ಓದಲಾಗಲಿಲ್ಲ. ಇಂಥ ಸಂದರ್ಭದಲ್ಲಿ ಸಹಜ ಸ್ಥಿತಿ ನಿರಾಕರಣೆಯೇ ಆಗಿರಬೇಕು ಎಂಬ ತತ್ತ್ವವನ್ನು ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ 1975ರಲ್ಲೇ ಬರೆದಿಟ್ಟಿದ್ದಾರೆ. ಹಾಗೆಂದು ಎಲ್ಲ ಪ್ರವೇಶವೂ ದೂರದ ಸರ್ವರೊಂದನ್ನೇ ಅವಲಂಬಿಸಿದ್ದರೆ, ಅದು ಕೆಟ್ಟ ದಿನ ಅದನ್ನು ಸರಿಪಡಿಸಬೇಕಾದವರೇ ಹೊರಗುಳಿಯುತ್ತಾರೆ. ಆದ್ದರಿಂದ ನಿರ್ವಾಹಕರು ತುರ್ತಿಗೆಂದು ಆ ಸರ್ವರನ್ನು ಅವಲಂಬಿಸದ ಒಂದು ಸ್ಥಳೀಯ ಖಾತೆಯನ್ನು ಇಟ್ಟು, ಅದರ ಪಾಸ್‌ವರ್ಡನ್ನು ದಿನನಿತ್ಯದ ಬಳಕೆಯಿಂದ ದೂರವಿರಿಸಿ, ಅದನ್ನು ಯಾರು ಬಳಸಿದರೂ ಕೂಡಲೇ ಹಲವರಿಗೆ ಎಚ್ಚರಿಕೆಯ ಸಂದೇಶ ಹೋಗುವಂತೆ ಏರ್ಪಡಿಸುತ್ತಾರೆ. ದೃಢೀಕರಣದ ಪದ್ಧತಿಯನ್ನು ಬದಲಾಯಿಸುವ ಮುನ್ನ ಆ ಖಾತೆ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಿ, ಲಾಗಿನ್ ಆಗಿರುವ ಒಂದು ಕಿಟಕಿಯನ್ನು ತೆರೆದೇ ಇಟ್ಟುಕೊಂಡು, ಹೊಸ ಪದ್ಧತಿಯಿಂದ ಇನ್ನೊಂದು ಕಿಟಕಿಯಲ್ಲಿ ಒಳಬರಲು ಸಾಧ್ಯವಾದ ಮೇಲೆಯೇ ಮೊದಲನೆಯದನ್ನು ಮುಚ್ಚುತ್ತಾರೆ.